ಎಂಟು ಹಾಕಿಸುವ ಮೊದಲು ಸೀಟು ನೋಡಿ

ಮಾನ್ಯರೇ,

ಡ್ರೈವಿಂಗ್ ಶಾಲೆಗಳಲ್ಲಿ ಅರ್ಧ ಕ್ಲಚ್‌ನಲ್ಲಿ ಏರು ಹತ್ತಿಸುವುದನ್ನು ದಿನಗಟ್ಟಲೆ ಕಲಿಸುತ್ತಾರೆ. ಸೀಟು ಹೊಂದಿಸುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಆರಡಿ ಹುಡುಗ ಇಳಿದ ಸೀಟಿಗೆ ಐದಡಿಯ ಗೃಹಿಣಿ ಹತ್ತಿ, ಹಾಗೆಯೇ ಗಾಡಿ ಹೊರಡಿಸುತ್ತಾರೆ.

ಹಿಂದಿನ ಜೇಬಿನ ಪರ್ಸ್ ತೆಗೆದಿಟ್ಟು, ಸೊಂಟವನ್ನು ಸೀಟಿನ ಮೂಲೆಗೆ ಒತ್ತಿ ಕೂರಬೇಕು. ಎಡಗಾಲಿನಲ್ಲಿ ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಆಟೊಮ್ಯಾಟಿಕ್ ಆದರೆ ಬ್ರೇಕ್ ಒತ್ತಿ ನೋಡಿ. ಕಾಲು ನೆಟ್ಟಗಾದರೆ ಕ್ಲಚ್ ಅರೆಬರೆ ಒತ್ತಿ ಗೇರ್ ಕಿರಗುಟ್ಟುತ್ತದೆ, ಡಿಕ್ಕಿಯಾದರೆ ಪೆಟ್ಟು ನೇರ ಸೊಂಟದ ಕೀಲಿಗೆ. ಬೆನ್ನಿನ ಆಸರೆಗೆ ಅಳತೆ ಸುಲಭ: ಭುಜ ಸೀಟು ಬಿಡದೆ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್‌ನ ಮೇಲ್ತುದಿಗೆ ತಾಗಬೇಕು.

ಕುಳ್ಳಗಿರುವವರಿಗೆ ಇಲ್ಲೇ ಪೇಚು. ಕ್ಲಚ್ ಎಟುಕಲೆಂದು ಮುಂದೆ ಬಂದರೆ ಎದೆ ಸ್ಟೀರಿಂಗ್‌ಗೆ ಅಂಟಿಕೊಳ್ಳುತ್ತದೆ. ಏರ್‌ಬ್ಯಾಗ್ ಸಿಡಿಯುವ ರಭಸಕ್ಕೆ ಕನಿಷ್ಠ 25 ಸೆಂ.ಮೀ. ಅಂತರ ಬೇಕು. ಬೆನ್ನ ಹಿಂದೆ ದಿಂಬು ಇಟ್ಟರೆ ಇನ್ನಷ್ಟು ಮುಂದಾಗುತ್ತೀರಿ, ಅದು ಮದ್ದಲ್ಲ. ಸೀಟನ್ನು ಎತ್ತರಿಸಿ, ಬೆನ್ನಿನ ಆಸರೆಯನ್ನು ತುಸು ಹಿಂದೆ ವಾಲಿಸಿ, ಸ್ಟೀರಿಂಗ್ ಕೆಳಗಿನ ಲಿವರ್ ಸಡಿಲಿಸಿ ಚಕ್ರವನ್ನು ಎದೆಯ ಮಟ್ಟಕ್ಕೆ ಇಳಿಸಿ.

ಹೆಡ್‌ರೆಸ್ಟ್ ತಲೆಯಾನಿಸಿ ನಿದ್ದೆ ಮಾಡಲು ಇರುವುದಲ್ಲ. ಹೆಚ್ಚಿನ ಕಾರುಗಳಲ್ಲಿ ಅದು ಕೆಳಗಿನ ಕಚ್ಚಿನಲ್ಲೇ, ಕತ್ತಿನ ಹಿಂದೆ ಉಳಿದಿರುತ್ತದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ತಲೆ ಅದರ ಮೇಲಿಂದ ಹಿಂದಕ್ಕೆ ಮಡಿಯುತ್ತದೆ. ಗುಂಡಿ ಒತ್ತಿ ನೆತ್ತಿಯ ಮಟ್ಟಕ್ಕೆ ಎತ್ತಿ. ತಲೆಗೂ ಅದಕ್ಕೂ ನಾಲ್ಕೈದು ಸೆಂ.ಮೀ.ಗಿಂತ ಹೆಚ್ಚು ಸಂದು ಬೇಡ. ಕನ್ನಡಿಗಳ ಸರದಿ ಇದೆಲ್ಲ ಮುಗಿದ ಮೇಲೆ.

ಸೀಟು ಸರಿಸಿದ ಮೇಲೆ ಸರಳು ಬಿಟ್ಟು, ಮೈಯನ್ನು ಹಿಂದೆ ಮುಂದೆ ಅಲ್ಲಾಡಿಸಿ 'ಟಕ್' ಸದ್ದು ಕೇಳಿಸಿಕೊಳ್ಳಿ. ಸೀಟು ಜಾರುವ ಹಳಿಯಲ್ಲಿ ಚಾರ್ಜರ್ ವೈರೋ ಕಡಲೆಕಾಯಿ ಸಿಪ್ಪೆಯೋ ಸಿಕ್ಕಿದ್ದರೆ ಲಾಕ್ ಅರ್ಧಕ್ಕೇ ನಿಲ್ಲುತ್ತದೆ. ಏರಿನಲ್ಲಿ ಹೊರಡುವಾಗ ಅಂಥ ಸೀಟು ಹಿಂದಕ್ಕೆ ಜಾರಿ, ಕಾಲು ಪೆಡಲ್ ಬಿಡುತ್ತದೆ. ಓಡುತ್ತಿರುವ ಕಾರಿನಲ್ಲಿ ಸೀಟು ಮುಟ್ಟಬಾರದೆನ್ನುವುದೂ ಇದಕ್ಕೇ.

ಪಕ್ಕದ ಸೀಟಿನವರು ಶಿರಾಡಿ ಘಾಟಿಯ ರಾತ್ರಿ ಪಯಣದಲ್ಲಿ ಸೀಟನ್ನು ಮಂಚ ಮಾಡಿಕೊಳ್ಳುತ್ತಾರೆ. ಆಗ ಬೆಲ್ಟು ಎದೆಯಿಂದ ದೂರ ನಿಲ್ಲುತ್ತದೆ, ಡಿಕ್ಕಿಯಾದರೆ ಮೈ ಅದರಡಿ ಜಾರುತ್ತದೆ, ಸೊಂಟದ ಮೂಳೆಯ ಮೇಲಿರಬೇಕಾದ ಪಟ್ಟಿ ಹೊಟ್ಟೆಗೆ ಹೂತುಕೊಳ್ಳುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಕಾಲು ಹಾಕುವವರ ಬಗ್ಗೆ ಹೇಳುವುದೇ ಬೇಡ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಚೀಟಿ ಇದ್ದರೆ, ಸಿಕ್ಕ ಸೀಟ್ ಕವರ್ ಹೊಲಿಸಬೇಡಿ. ಏರ್‌ಬ್ಯಾಗ್ ಹೊರಬರುವ ದಾರಿ ಮುಚ್ಚಿಹೋಗುತ್ತದೆ.

ಬೆಲ್ಟ್ ಹಾಕದವರಿಗೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ 1,000 ರೂಪಾಯಿ ದಂಡವಿದೆ. ಆ ಬೆಲ್ಟ್ ಕೆಲಸ ಮಾಡುವುದು ಸೀಟು ಸರಿಯಿದ್ದಾಗ ಮಾತ್ರ. ಆದ್ದರಿಂದ ಆರ್‌ಟಿಒ ಅಧಿಕಾರಿಗಳು ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕಿಸುವ (8ರ ಆಕಾರದಲ್ಲಿ ಗಾಡಿ ಓಡಿಸುವ) ಮೊದಲು ಅಭ್ಯರ್ಥಿಯಿಂದ ಸೀಟು, ಹೆಡ್‌ರೆಸ್ಟ್, ಕನ್ನಡಿ ಹೊಂದಿಸಿ ತೋರಿಸಲು ಹೇಳಲಿ. ಅದಕ್ಕೆ ಎರಡು ನಿಮಿಷ ಸಾಕು.

– ಚಾಲನಾ ತರಬೇತುದಾರ, ಹಾಸನ