ಲ್ಯಾಬ್ ಚೀಟಿಯಲ್ಲಿ ಟೋಟಲ್ ಒಂದೇ ನೋಡಿದರೆ ಸಾಲದು

ಸಂಪಾದಕರೇ,

ತೆಂಗಿನೆಣ್ಣೆಯಿಂದ ಕೊಲೆಸ್ಟ್ರಾಲ್ ಏರುತ್ತದೋ ಇಲ್ಲವೋ ಅಂತ ನಿಮ್ಮ ಓದುಗರ ಅಂಕಣದಲ್ಲಿ ಜೋರು ಚರ್ಚೆ ನಡೆಯುತ್ತಿದೆ. ನಾನು ಪೆರ್ಲದ ಹತ್ತಿರ ಮೆಡಿಕಲ್ ಶಾಪ್ ನಡೆಸುವವನು, ಡಾಕ್ಟರ್ ಅಲ್ಲ. ಆದರೂ ಜನ ಲ್ಯಾಬ್ ಚೀಟಿ ಹಿಡಿದುಕೊಂಡು ಮೊದಲು ಬರುವುದು ನನ್ನ ಕೌಂಟರಿಗೇ. ಹಾಗಾಗಿ ಈ ಪತ್ರ.

ಎಣ್ಣೆ ವಿಷಯ ಮೊದಲು ಮುಗಿಸಿಬಿಡುತ್ತೇನೆ. ತೆಂಗಿನೆಣ್ಣೆಯಲ್ಲಿ ಹತ್ತಿರ ಹತ್ತಿರ ಶೇ. 90 ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಂಪಿಗೆ ಗಟ್ಟಿಯಾಗುವ ಜಾತಿಯದ್ದು. ಅದು ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಕಾಸರಗೋಡಿನಲ್ಲಿ ಕೂತು ಇದನ್ನು ಹೇಳುವುದು ಸ್ವಲ್ಪ ಕಷ್ಟವೇ, ನನಗೂ ತೋಟ ಇದೆ. "ಎಚ್‌ಡಿಎಲ್ ಕೂಡ ಏರುತ್ತದಲ್ಲ, ಅದು ಒಳ್ಳೆಯ ಕೊಲೆಸ್ಟ್ರಾಲ್ ಅಲ್ವಾ" ಅಂತ ಒಬ್ಬರು ಬರೆದಿದ್ದರು. ಏರುವುದು ನಿಜ. ಆದರೆ ನಯಾಸಿನ್ ಅನ್ನುವ ಮಾತ್ರೆ ಕೊಟ್ಟು ಎಚ್‌ಡಿಎಲ್ ಏರಿಸಿ ನೋಡಿದ್ದಾರೆ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಅದರಿಂದ ಹಾರ್ಟ್ ಅಟ್ಯಾಕ್ ಏನೂ ಕಡಿಮೆ ಆಗಲಿಲ್ಲ. ಹಾಗಂತ ಒಗ್ಗರಣೆಗೆ ಒಂದು ಚಮಚ ಹಾಕಿದ್ದಕ್ಕೆ ಯಾರೂ ಹೆದರಬೇಕಾಗಿಲ್ಲ. ದಿನಾ ಬಾಣಲೆ ತುಂಬ ಕಾಯಿಸಿ ಬಾಳೆಕಾಯಿ ಚಿಪ್ಸ್, ನೀರುಳ್ಳಿ ಬಜೆ ಕರಿಯುವ ಮನೆಗಳು ಮಾತ್ರ ಯೋಚಿಸಬೇಕು.

2025ರಲ್ಲಿ ತೆಂಗಿನೆಣ್ಣೆ ಕಿಲೋಗೆ 400 ರೂಪಾಯಿ ದಾಟಿದಾಗ ಎಷ್ಟೋ ಮನೆಯವರು ಪಾಮ್ ಎಣ್ಣೆ ಪ್ಯಾಕೆಟ್‌ಗೆ ಇಳಿದರು. ಅದರ ಮೇಲೆ "ಕೊಲೆಸ್ಟ್ರಾಲ್ ಫ್ರೀ" ಅಂತ ಇದ್ದರೆ ಇನ್ನೂ ಸಮಾಧಾನ. ಗಿಡಮರದಿಂದ ತೆಗೆದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ ಸ್ವಾಮಿ, ತೆಂಗಿನೆಣ್ಣೆಯಲ್ಲೂ ಇಲ್ಲ. ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬೇ. ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಯಲ್ಲಿ ಇದು ಶೇ. 20ರ ಒಳಗೆ.

ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲು ತಟ್ಟೆಯಿಂದ ಬಂದದ್ದಲ್ಲ, ನಮ್ಮ ಲಿವರ್ ತಯಾರಿಸಿದ್ದು. "ನಾವು ಮೀನು ಮೊಟ್ಟೆ ಮುಟ್ಟುವವರಲ್ಲ, ನಮಗೆ ಹೇಗೆ ಬಂತು" ಅಂತ ಕೇಳುವವರಿಗೆ ಇದೇ ಉತ್ತರ. ಥೈರಾಯ್ಡ್ ಕಡಿಮೆಯಾದರೂ ಎಲ್‌ಡಿಎಲ್ ಏರುತ್ತದೆ. ಇನ್ನು ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ. ಸುಮಾರು 250 ಜನರಲ್ಲಿ ಒಬ್ಬರಿಗೆ ವಂಶದಿಂದ ಬರುವ ತೊಂದರೆ ಇದು. ಮನೆಯಲ್ಲಿ ಯಾರಿಗಾದರೂ ಐವತ್ತರ ಒಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಮಕ್ಕಳ ರಕ್ತವನ್ನೂ ಒಮ್ಮೆ ನೋಡಿಸಬೇಕು. ನಮ್ಮಲ್ಲಿ ಅದನ್ನು ಮಾಡಿಸುವವರು ತುಂಬಾ ಕಡಿಮೆ. "ಹುಡುಗ ಸಪೂರ ಇದ್ದಾನೆ, ಅವನಿಗೆಂಥ ಕೊಲೆಸ್ಟ್ರಾಲ್" ಅನ್ನುತ್ತಾರೆ.

ಈಗ ಚೀಟಿಗೆ ಬರುತ್ತೇನೆ. ಅದರಲ್ಲಿ ಮೊದಲ ಸಾಲು ಟೋಟಲ್. ನಮ್ಮವರು ನೋಡುವುದು ಅದೊಂದನ್ನೇ. 200ರ ಒಳಗಿದ್ದರೆ ಚೀಟಿ ಮಡಚಿ ಕಿಸೆಗೆ, ದಾಟಿದ್ದರೆ ಗಾಬರಿ. ಎರಡು ಚೀಟಿ ಅಕ್ಕಪಕ್ಕ ಇಟ್ಟು ನೋಡೋಣ. ಒಬ್ಬರ ಟೋಟಲ್ 210, ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 250. ಇನ್ನೊಬ್ಬರ ಟೋಟಲ್ 212, ಎಚ್‌ಡಿಎಲ್ 64, ಟ್ರೈಗ್ಲಿಸರೈಡ್ 90. ಮೇಲಿನ ಸಾಲು ಓದಿದವರಿಗೆ ಎರಡೂ ಒಂದೇ. ಟೋಟಲ್‌ನಿಂದ ಎಚ್‌ಡಿಎಲ್ ಕಳೆಯಿರಿ. ಮೊದಲಿನವರಿಗೆ 178, ಎರಡನೆಯವರಿಗೆ 148. ಇದಕ್ಕೆ ನಾನ್-ಎಚ್‌ಡಿಎಲ್ ಅನ್ನುತ್ತಾರೆ, ರಕ್ತನಾಳದಲ್ಲಿ ಕೂತುಕೊಳ್ಳುವ ಜಾತಿಯ ಕೊಲೆಸ್ಟ್ರಾಲ್ ಎಲ್ಲಾ ಇದರೊಳಗೆ ಬಂತು. ಸಾಮಾನ್ಯ ಜನರಿಗೆ ಇದು 130ರ ಒಳಗಿರಬೇಕು. ಇಬ್ಬರೂ ದಾಟಿದ್ದಾರೆ, ಆದರೆ ಮೊದಲಿನವರು ಬೇಗ ಡಾಕ್ಟರ ಹತ್ತಿರ ಹೋಗಬೇಕಾದವರು.

ಆ ಮೊದಲ ಚೀಟಿಯಂಥದ್ದೇ ನಮ್ಮ ದೇಶದಲ್ಲಿ ಜಾಸ್ತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಇಂಡಿಯಾಬ್ ಎಂಬ ಶುಗರ್ ಕಾಯಿಲೆಯ ಸಮೀಕ್ಷೆಯ 2014ರ ವರದಿಯಲ್ಲಿ ನೂರಕ್ಕೆ 72 ಮಂದಿಗೆ ಎಚ್‌ಡಿಎಲ್ ಕಡಿಮೆ ಇತ್ತು. ಟ್ರೈಗ್ಲಿಸರೈಡ್ ಏರುವುದು ಎಣ್ಣೆಯಿಂದ ಅಂತ ಜನ ತಿಳಿದಿದ್ದಾರೆ. ಅದಕ್ಕಿಂತ ಹೆಚ್ಚಾಗಿ ಮೂರು ಹೊತ್ತು ಗುಡ್ಡೆ ಹಾಕಿದ ಅನ್ನ, ಬೇಕರಿ ತಿಂಡಿ, ಸಕ್ಕರೆ ಚಹಾ, ಸಂಜೆಯ ಪೆಗ್ಗು ಇವುಗಳಿಂದ. ಹಿಂದಿನವರೂ ಕುಚ್ಚಲಕ್ಕಿ ಗಂಜಿಯನ್ನು ಬಟ್ಟಲುಗಟ್ಟಲೆ ಉಣ್ಣುತ್ತಿದ್ದರು. ಉಂಡು ಗುಡ್ಡ ಹತ್ತುತ್ತಿದ್ದರು. ಈಗ ಅಡಿಕೆ ತೋಟಕ್ಕೂ ಸ್ಕೂಟರ್.

ಎಲ್‌ಡಿಎಲ್ ಎಷ್ಟಿರಬೇಕು ಅನ್ನುವುದು ಎಲ್ಲರಿಗೂ ಒಂದೇ ಅಲ್ಲ. ಇದು ಲ್ಯಾಬಿನವರು ಪಕ್ಕದಲ್ಲಿ ಅಚ್ಚು ಹಾಕುವ "ನಾರ್ಮಲ್" ಅಂಕಣದಲ್ಲಿ ಗೊತ್ತಾಗುವುದೇ ಇಲ್ಲ. ಹೃದಯ ತಜ್ಞರ ಸಂಘವಾದ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ ಸಾಮಾನ್ಯರಿಗೆ 100ರ ಒಳಗೆ, ಶುಗರ್ ಅಥವಾ ಬಿಪಿ ಇರುವಂಥವರಿಗೆ 70ರ ಒಳಗೆ, ಈಗಾಗಲೇ ಹಾರ್ಟ್ ಅಟ್ಯಾಕ್ ಅಥವಾ ಪಾರ್ಶ್ವವಾಯು ಆದವರಿಗೆ 55ರ ಒಳಗೆ. ಅಂದರೆ ಸ್ಟೆಂಟ್ ಹಾಕಿಸಿಕೊಂಡವರ ಚೀಟಿಯಲ್ಲಿ 98 ಅಂತ ಬಂದು, ಪಕ್ಕದಲ್ಲಿ ನಾರ್ಮಲ್ ಅಂತ ಇದ್ದರೆ, ಅದು ಅವರಿಗೆ ನಾರ್ಮಲ್ ಅಲ್ಲ.

ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ. ಡಾಕ್ಟರ್ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಏನಾದರೂ ಬರೆದಿರುತ್ತಾರೆ. ಮೂರು ತಿಂಗಳಲ್ಲಿ ಎಲ್‌ಡಿಎಲ್ ಇಳಿಯುತ್ತದೆ. "ಸರಿಯಾಯ್ತಲ್ಲ" ಅಂತ ಮಾತ್ರೆ ನಿಲ್ಲಿಸುತ್ತಾರೆ. ಇಳಿದದ್ದೇ ಮಾತ್ರೆಯಿಂದ ಮಾರಾಯ್ರೆ! ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅದು ಮೊದಲಿದ್ದಲ್ಲಿಗೇ ಹೋಗುತ್ತದೆ. ಈ ಮಾತ್ರೆ ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಡೆಯುತ್ತದೆ, ಆಗ ಲಿವರ್ ತನಗೆ ಬೇಕಾದ್ದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ಮಾತ್ರೆ ಇಲ್ಲದಿದ್ದರೆ ಆ ಕೆಲಸವೂ ಇಲ್ಲ. ಇನ್ನು ಕೆಲವರು ಅರ್ಧ ಸ್ಟ್ರಿಪ್ ಕೇಳಿ, "ಒಂದು ದಿನ ಬಿಟ್ಟು ಒಂದು ದಿನ ಸಾಕಲ್ವಾ" ಅನ್ನುತ್ತಾರೆ. ಮೈಕೈ ನೋವು ಬಂತು ಅಂತ ಬಿಟ್ಟವರಿದ್ದಾರೆ, ಕೆಲವರಿಗೆ ಸ್ನಾಯು ನೋವು ಬರುವುದು ಹೌದು, ಶುಗರ್ ತುಸು ಏರುವುದೂ ಉಂಟು. ಡಾಕ್ಟರಿಗೆ ಹೇಳಿದರೆ ಡೋಸ್ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು. ಹೇಳುವುದಿಲ್ಲ, ಸುಮ್ನೆ ಬಿಡುತ್ತಾರೆ. ಆಮೇಲೆ ವಾಟ್ಸಾಪಿನಲ್ಲಿ ಬಂದ ಬೆಳ್ಳುಳ್ಳಿ ನಿಂಬೆರಸದ ಕಷಾಯ ಶುರು.

ಹೀಗಾಗುವುದಕ್ಕೆ ಜನರನ್ನಷ್ಟೇ ಬೈದು ಪ್ರಯೋಜನ ಇಲ್ಲ. ಚೀಟಿ ಇಂಗ್ಲಿಷಿನಲ್ಲಿ, ಸರ್ಕಾರದ ಆರೋಗ್ಯ ಕರಪತ್ರ ಮಲಯಾಳದಲ್ಲಿ. ನಮ್ಮ ಹಳ್ಳಿಯ ಕನ್ನಡದ ಅಜ್ಜಿಗೆ ಎರಡೂ ಬಾರದು. ಮಂಗಳೂರಿಗೆ ಹೋದವರಿಗೆ ಡಾಕ್ಟರ್ ಕನ್ನಡದಲ್ಲೋ ತುಳುವಿನಲ್ಲೋ ಹೇಳಿರುತ್ತಾರೆ, ಬಸ್ಸಿನಲ್ಲಿ ತಲಪಾಡಿ ದಾಟುವಾಗ ಅರ್ಧ ಮರೆತಿರುತ್ತದೆ. ಬರೆದದ್ದು ಕೈಯಲ್ಲಿರಬೇಕು. ಕೇರಳ ಸರ್ಕಾರದ 1969ರ ಭಾಷಾ ಕಾಯ್ದೆಯಲ್ಲೇ ಕನ್ನಡಿಗರಿಗೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶ ಇದೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಕೊಲೆಸ್ಟ್ರಾಲ್ ಬಗ್ಗೆ ಒಂದೇ ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಲಿ, ಆಶಾ ಕಾರ್ಯಕರ್ತೆಯರು ಮನೆಗೆ ಬರುವಾಗ ತಂದುಕೊಡಲಿ. "ನಿಮ್ಮ ಎಲ್‌ಡಿಎಲ್ ಎಷ್ಟಿರಬೇಕು" ಅಂತ ಅದರಲ್ಲಿ ಒಂದು ಖಾಲಿ ಚೌಕ ಬಿಟ್ಟಿರಲಿ, ಡಾಕ್ಟರ್ ಪೆನ್ನಿನಲ್ಲಿ ಬರೆದುಕೊಡಲಿ. ಹಾಳೆಯನ್ನು ಅಂಗಡಿಯಲ್ಲಿ ಇಟ್ಟು ಹಂಚಲು ನಾನು ತಯಾರಿದ್ದೇನೆ.

— ಪೆರ್ಲದ ಓದುಗ, ಕಾಸರಗೋಡು ಜಿಲ್ಲೆ