ಇರ್ಪುವಿನಲ್ಲಿ ಮಂಗಟ್ಟೆ ಗೂಡು ತೋರಿಸಿದ ಅಣ್ಣನಿಗೆ

ಮಾರ್ಚ್‌ನಲ್ಲಿ ಕೊಡಗಿನ ಇರ್ಪು ಜಲಪಾತದ ದಾರಿಯಲ್ಲಿ ನಮ್ಮನ್ನು ಮೆಲ್ಲಗೆ ತಡೆದು ನಿಲ್ಲಿಸಿದ ಅಣ್ಣ, ನಿಮಗೆ ತುಂಬಾ ತುಂಬಾ ಧನ್ಯವಾದ.

ಬೆಳಿಗ್ಗೆ ನಾಗರಹೊಳೆ ಸಫಾರಿಯಲ್ಲಿ ಕಾಟಿ, ಜಿಂಕೆ ಎಲ್ಲ ನೋಡಿದ್ದೆವು. ಅದೂ ಚೆನ್ನಾಗಿತ್ತು. ಆದರೆ ನೀವು ತೋರಿಸಿದ್ದನ್ನು ನಾವು ಯಾವತ್ತೂ ನೋಡಿರಲಿಲ್ಲ. ದೊಡ್ಡ ಮರದ ಪೊಟರೆ, ಅದರಲ್ಲಿ ಬೆರಳಗಲದ ಒಂದು ಸೀಳು. ಒಳಗೆ ಹೆಣ್ಣು ಮಲಬಾರ್ ಬೂದು ಮಂಗಟ್ಟೆ (ಹಾರ್ನ್‌ಬಿಲ್ ಹಕ್ಕಿ) ಕೂತಿದೆ ಅಂದಿರಿ. ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಂಡು, ಮೊಟ್ಟೆಗೆ ಕಾವು ಕೊಡುತ್ತದಂತೆ. ಅಷ್ಟೂ ದಿನ ಊಟಕ್ಕೆ ಗಂಡೇ ದಿಕ್ಕು. ಜನ ಹತ್ತಿರ ಇದ್ದರೆ ಅದು ಗೂಡಿಗೆ ಬರಲು ಹೆದರುತ್ತದೆ ಎಂದು ನಮ್ಮನ್ನು ದೂರದ ಪೊದೆ ಹಿಂದೆ ಕೂರಿಸಿದಿರಿ.

ಸ್ವಲ್ಪ ಹೊತ್ತಿಗೆ ಯಾರೋ ಗಹಗಹಿಸಿ ನಕ್ಕಂತೆ ಕೂಗು ಕೇಳಿತು. ಗಂಡು ಬಂದು ತೊಗಟೆ ಹಿಡಿದು ಕೂತಿತು. ಕತ್ತು ಕುಲುಕಿ, ಗಂಟಲಿನಿಂದ ಒಂದೊಂದೇ ಹಣ್ಣು ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ಇಟ್ಟಿತು. ಒಳಗಿನ ಕೊಕ್ಕು ಒಂದು ಚೂರು ಮಾತ್ರ ಕಾಣಿಸಿತು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಈ ಹಕ್ಕಿ ನಮ್ಮ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ, ಅಲ್ವಾ? ಹಳೇ ಮರ ಹೋದರೆ ಗೂಡಿಗೆ ಜಾಗವೇ ಇಲ್ಲ ಎಂದು ನೀವು ಹೇಳಿದ್ದು ಈಗಲೂ ಮನಸ್ಸಿನಲ್ಲಿದೆ.

ಆಮೇಲೆ ಮಂಡಿನೋವಿನ ಅಮ್ಮನನ್ನು ಮೆಟ್ಟಿಲು ಮುಗಿಯುವವರೆಗೂ ಕೈ ಹಿಡಿದು ಇಳಿಸಿದಿರಿ. ದುಡ್ಡು ಕೊಡಲು ಹೋದರೆ ಬೇಡವೇ ಬೇಡ ಎಂದಿರಿ. ಹೆಸರೂ ಹೇಳಲಿಲ್ಲ. ಮುಂದಿನ ಸಲ ಕುಟ್ಟ ಕಡೆ ಬಂದಾಗ ನೀವು ಸಿಕ್ಕರೆ ಅಮ್ಮ ನಿಮಗೆ ಮನೆಯ ಚಕ್ಕುಲಿ ತರುತ್ತಾರಂತೆ. ಅದನ್ನಾದರೂ ಬೇಡ ಅನ್ನಬೇಡಿ ಅಣ್ಣ.