ಪಂಢರಿಗೆ ಹೊರಟವರಿಗೆ ಕೂರಲು ಜಾಗ ಬೇಕು

ಮಾನ್ಯ ಸಂಪಾದಕರೇ,

ಆಷಾಢ ಏಕಾದಶಿ ಸಮೀಪಿಸುತ್ತಿದೆ. ನಮ್ಮ ಗದಗ, ಹುಬ್ಬಳ್ಳಿ ಭಾಗದಿಂದ ಪಂಢರಪುರಕ್ಕೆ ಹೊರಡುವ ವಯಸ್ಸಾದ ವಾರಕರಿಗಳಿಗಾಗಿ, ಅಂದರೆ ವಿಠ್ಠಲನ ಭಕ್ತರಿಗಾಗಿ, ರೈಲಿನಲ್ಲಿ ಜನರಲ್ ಬೋಗಿಗಳನ್ನು ಹೆಚ್ಚಿಸಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಅಜ್ಜಿ 1955ರ ಆಷಾಢದಲ್ಲಿ ಬೆಟಗೇರಿಯ ನೇಕಾರ ಓಣಿಯ ಭಜನಾ ಮೇಳದವರ ಜೊತೆ ಪಂಢರಪುರಕ್ಕೆ ಹೋಗಿದ್ದರು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಕೂಡಿಸಿದ ದುಡ್ಡು ಸೆರಗಿನ ಗಂಟಿನಲ್ಲಿ, ಖಟಿ ರೊಟ್ಟಿ ಮತ್ತು ಗುರೆಳ್ಳು ಚಟ್ನಿಯ ಬುತ್ತಿ ಹೆಗಲಲ್ಲಿ. ಆಗ ಏಕೀಕರಣ ಆಗಿರಲಿಲ್ಲ. ಧಾರವಾಡ, ವಿಜಾಪುರ, ಸೊಲ್ಲಾಪುರ ಜಿಲ್ಲೆಗಳೆಲ್ಲ ಮುಂಬಯಿ ರಾಜ್ಯಕ್ಕೇ ಸೇರಿದ್ದವು. ರಾಜ್ಯ ಒಂದೇ ಆದರೂ ಹಳಿಯ ಅಳತೆ ಮೂರು ಬಗೆ. ಗದಗಿನಿಂದ ಹೊಟಗಿಯವರೆಗೆ ಮೀಟರ್ ಗೇಜ್. ಹೊಟಗಿಯಲ್ಲಿ ಗಂಟುಮೂಟೆ ಇಳಿಸಿಕೊಂಡು ಬ್ರಾಡ್ ಗೇಜ್ ಗಾಡಿ ಹತ್ತಿ ಕುರ್ಡುವಾಡಿ ಸೇರಬೇಕು. ಅಲ್ಲಿ ಮತ್ತೆ ಇಳಿದರೆ ಬಾರ್ಸಿ ಲೈಟ್ ರೈಲ್ವೆಯ ಪುಟ್ಟ ಗಾಡಿ. ಅದರ ಹಳಿಗಳ ನಡುವಿನ ಅಂತರ 762 ಮಿಲಿಮೀಟರ್, ಅಂದರೆ ಎರಡೂವರೆ ಅಡಿ. 1906ರಿಂದ ಪಂಢರಪುರಕ್ಕೆ ಯಾತ್ರಿಕರನ್ನು ಮುಟ್ಟಿಸುತ್ತಿದ್ದದ್ದು ಅದೇ.

ಅಜ್ಜಿ ಉಟ್ಟು ಹೋಗಿದ್ದ ಇಳಕಲ್ ಸೀರೆ ಇಂದಿಗೂ ನಮ್ಮ ಮನೆಯಲ್ಲಿದೆ. ಅದರ ಸೆರಗಿನಲ್ಲಿ ಜೋಳದ ಕಾಳಿನಷ್ಟು ಅಗಲದ ತೂತುಗಳಿವೆ, ಅಂಚು ಕಂದಾಗಿ ಗಟ್ಟಿಯಾಗಿದೆ. ಉಗಿ ಎಂಜಿನ್ನಿನಿಂದ ಹಾರಿದ ಕಲ್ಲಿದ್ದಲ ಕಿಡಿಗಳ ಗುರುತು ಅವು. ಅಜ್ಜಿ ಅವನ್ನು ಹೊಲಿಸಲೇ ಇಲ್ಲ. ಕಿಟಕಿಯ ಪಕ್ಕ ಕೂತದ್ದು ಹೊಳೆಗಳನ್ನು ನೋಡಲಿಕ್ಕೆ. ಹೊಳೆಆಲೂರಿನ ಬಳಿ ಮಲಪ್ರಭೆಗೆ, ಸೀತಿಮನಿಯ ಬಳಿ ಕೃಷ್ಣೆಗೆ, ಇಂಡಿ ದಾಟಿದ ಮೇಲೆ ಭೀಮೆಗೆ ಒಂದೊಂದು ಕಾಸು ಹಾಕಿ ಕೈಮುಗಿದರಂತೆ. ಇದೇ ಭೀಮೆ ಪಂಢರಪುರದಲ್ಲಿ ಚಂದ್ರಭಾಗೆ ಎಂದು ಮೇಳದ ಹಿರಿಯರು ಹೇಳಿದಾಗ ಕಣ್ಣಲ್ಲಿ ನೀರು ಬಂದದ್ದನ್ನು ಕೊನೆಯವರೆಗೂ ನೆನೆಯುತ್ತಿದ್ದರು. ಕಷ್ಟವೂ ಇತ್ತು. ಕಾಲರಾ ಸೂಜಿಯಿಂದ ತೋಳು ಬಾತಿತ್ತು, ಕುರ್ಡುವಾಡಿಯಲ್ಲಿ ರಾತ್ರಿಯಿಡೀ ಮಳೆಯಲ್ಲಿ ಕಾಯಬೇಕಾಯಿತು. ಆದರೆ ಗಾಡಿಯೊಳಗೆ ಕೂರಲು ಜಾಗ ಸಿಗಲಿಲ್ಲವೆಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಮೇಳದ ಮುಖಂಡರು ಎಲ್ಲರ ದುಡ್ಡು ಕೂಡಿಸಿ ಕಿಟಕಿಯಲ್ಲಿ ಕೊಟ್ಟರೆ ಅಲ್ಲೇ ಟಿಕೆಟ್.

ಕಳೆದ ಕಾರ್ತೀಕ ಏಕಾದಶಿಗೆ ನಾನು ಅದೇ ದಾರಿಯಲ್ಲಿ ಹೋಗಿ ಬಂದೆ. ದಾರಿಯುದ್ದಕ್ಕೂ ಈಗ ಬ್ರಾಡ್ ಗೇಜ್, ಮೇಲೆ ವಿದ್ಯುತ್ ತಂತಿ. ಗದಗಿನಲ್ಲಿ ಹತ್ತಿದವರು ಎಲ್ಲೂ ಗಾಡಿ ಬದಲಿಸದೆ ಪಂಢರಪುರದಲ್ಲೇ ಇಳಿಯಬಹುದು. ಅಜ್ಜಿ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ! ಈ ಅನುಕೂಲ ಮಾಡಿಕೊಟ್ಟವರೆಲ್ಲರಿಗೂ ನಾನು ಮನಸಾರೆ ಕೃತಜ್ಞಳು.

ಆದರೆ ಜನರಲ್ ಬೋಗಿಯಲ್ಲಿ ಕಂಡದ್ದನ್ನು ಹೇಳದಿರಲಾರೆ. ಶೌಚಾಲಯದ ಬಾಗಿಲಿಗೆ ಬೆನ್ನು ಕೊಟ್ಟು, ಕೊರಳಲ್ಲಿ ತುಳಸಿಮಾಲೆ ಹಾಕಿದ ಮುದುಕಿಯೊಬ್ಬರು ಮೊಣಕಾಲು ಮಡಚಿ ಕೂತಿದ್ದರು. ಬಾಗಿಲು ತೆರೆದಾಗಲೆಲ್ಲ ಅವರು ಏಳಬೇಕು, ಮತ್ತೆ ಕೂರಬೇಕು. ರೋಣದ ಕಡೆಯವರು. ಸೀಟು ಕಾಯ್ದಿರಿಸಬಹುದಿತ್ತಲ್ಲ ತಾಯಿ ಎಂದು ಕೇಳಿದ್ದಕ್ಕೆ, ‘ಏಕಾದಶಿ ಯಾವಾಗ ಎಂದು ನನಗೆ ಗೊತ್ತು, ಚೀಟಿ ಯಾವಾಗ ತೆಗೆಸಬೇಕೆಂದು ಯಾರು ಹೇಳುತ್ತಾರೆ’ ಎಂದರು. ಮುಂಗಡ ಟಿಕೆಟ್ ಸಿಗುವುದು 60 ದಿನ ಮೊದಲಿನಿಂದ. ಮೊಬೈಲ್ ಬಲ್ಲವರು ಅಷ್ಟರಲ್ಲಿ ಸೀಟು ಹಿಡಿದಿರುತ್ತಾರೆ. ಬಿತ್ತನೆ ಮುಗಿಯುವುದನ್ನು ನೋಡಿಕೊಂಡು ಹೊರಡುವ ರೈತ ಕುಟುಂಬದವರು ಎರಡು ತಿಂಗಳ ಮೊದಲೇ ದಿನ ಗೊತ್ತುಮಾಡುವುದು ಹೇಗೆ?

ಹುಬ್ಬಳ್ಳಿಯಲ್ಲಿ ಹತ್ತುವವರ ಪಾಡೂ ಸುಲಭವಲ್ಲ. 2023ರಲ್ಲಿ ಉದ್ಘಾಟನೆಯಾದ ಅಲ್ಲಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದವಾದದ್ದು, ನಮಗೆಲ್ಲ ಹೆಮ್ಮೆ. ಆದರೆ ಯಾವ ಪ್ಲಾಟ್‌ಫಾರ್ಮ್ ಆದರೂ ಜನರಲ್ ಬೋಗಿಗಳು ಸಾಮಾನ್ಯವಾಗಿ ಗಾಡಿಯ ತುದಿಗಳಲ್ಲಿರುತ್ತವೆ. ಎಪ್ಪತ್ತು ದಾಟಿದ ನನ್ನ ಸೋದರತ್ತೆ ಗಂಟು ಹೊತ್ತು ಅಲ್ಲಿಯವರೆಗೆ ನಡೆದು ತಲುಪುವಷ್ಟರಲ್ಲಿ ಬಾಗಿಲಲ್ಲೇ ಜನ ಜೋತುಬಿದ್ದಿದ್ದರು.

ಆದ್ದರಿಂದ ಆಷಾಢ ಮತ್ತು ಕಾರ್ತೀಕ ಏಕಾದಶಿಗಳ ಹಿಂದೆ ಮುಂದೆ ನಾಲ್ಕು ದಿನವಾದರೂ ಈ ಮಾರ್ಗದ ಗಾಡಿಗೆ ಹೆಚ್ಚುವರಿ ಜನರಲ್ ಬೋಗಿಗಳನ್ನು ಜೋಡಿಸಬೇಕು. ಅವುಗಳಲ್ಲಿ ಒಂದನ್ನು ಅರವತ್ತು ದಾಟಿದವರಿಗೇ ಮೀಸಲಿಟ್ಟು, ಗಾಡಿಯ ನಡುಭಾಗದಲ್ಲಿ ಇಡಬೇಕು. ಹೊಳೆಆಲೂರು, ಬಾದಾಮಿಯಂತಹ ನಿಲ್ದಾಣಗಳಲ್ಲಿ ಮುಂಗಡ ಟಿಕೆಟ್ ಆರಂಭವಾಗುವ ದಿನವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಬೇಕು. ಗ್ರಾಮ ಪಂಚಾಯಿತಿಗಳು ಡಂಗುರ ಸಾರಿಸಿದರೆ ಇನ್ನೂ ಒಳ್ಳೆಯದು. ಭಜನಾ ಮೇಳದ ಹುಡುಗರಲ್ಲಿಯೂ ನನ್ನದೊಂದು ವಿನಂತಿ: ನಿಮ್ಮ ಓಣಿಯ ಹಿರಿಯರ ಟಿಕೆಟನ್ನು ನಿಮ್ಮ ಮೊಬೈಲಿನಲ್ಲೇ ತೆಗೆಸಿಕೊಡಿ. ಈ ಆಷಾಢಕ್ಕೆ ಉಳಿದಿರುವ ದಿನಗಳು ಕಡಿಮೆ, ಕಾರ್ತೀಕಕ್ಕಾದರೂ ಈಗಲೇ ಹೆಸರು ಬರೆದಿಟ್ಟುಕೊಳ್ಳಿ.

— ನೇಕಾರ ಮನೆತನದ ಓದುಗಳು, ಬೆಟಗೇರಿ, ಗದಗ